ಹಳೆಯ ಸ್ಪ್ರಿಂಗ್ ಮೆತ್ತಗಾಗುವುದಿಲ್ಲ, ಗಿಡ್ಡವಾಗುತ್ತದೆ

ಹದಿನೈದು ವರ್ಷದ ಕಾರೊಂದು ಒಂದು ಮೂಲೆಗೆ ವಾಲಿ ನಿಂತಿದೆ ಅನ್ನಿ. ದಾವಣಗೆರೆಯ ಪಿ.ಬಿ. ರಸ್ತೆಯ ಯಾವ ಗ್ಯಾರೇಜಿಗೆ ಒಯ್ದರೂ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: 'ಸ್ಪ್ರಿಂಗ್ ವೀಕ್ ಆಗೈತ್ರಿ.' ಪಕ್ಕದಲ್ಲಿ ಚಹಾ ಕುಡಿಯುತ್ತ ನಿಂತವರು 'ಶಾಕ್ ಅಬ್ಸಾರ್ಬರ್ ಹೋಗೈತಿ' ಅನ್ನುತ್ತಾರೆ. ಮನೆಗೆ ಬಂದರೆ ದೃಷ್ಟಿಯಾಗಿದೆ ಎಂದು ನಿಂಬೆಹಣ್ಣು ಸಿದ್ಧವಾಗಿರುತ್ತದೆ. ಬಲಗಡೆಯ ಮುಂದಿನ ಚಕ್ರ ಒಂದನ್ನೇ ಹುಡುಕಿ ತಾಗುವ ದೃಷ್ಟಿಯ ಗುರಿಯನ್ನು ಮೆಚ್ಚಬೇಕಾದ್ದೇ. ಉಳಿದ ಎರಡು ಮಾತುಗಳಿಗೆ ಉತ್ತರ ಕೊಡೋಣ.

ಶಾಕ್ ಅಬ್ಸಾರ್ಬರ್ ಕಾರಿನ ಭಾರ ಹೊರುವುದಿಲ್ಲ. ಅದರೊಳಗಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ಹಾಯುವಾಗ ಕುಣಿತವನ್ನು ತಡೆಯುತ್ತದೆ. ಕಾರು ನಿಂತ ಮೇಲೆ ಎಣ್ಣೆಯೂ ಸುಮ್ಮನೆ ನಿಲ್ಲುತ್ತದೆ. ಗ್ಯಾಸ್ ತುಂಬಿದ ಬಗೆಯದಾದರೆ ಕೆಲವೇ ಮಿ.ಮೀ. ಎತ್ತಬಹುದು, ಅಷ್ಟೆ. ವಾಲಿದ ಕಾರಿಗೆ ಹೊಸ ಜೋಡಿ ಶಾಕ್ ಅಬ್ಸಾರ್ಬರ್ ಹಾಕಿಸಿದವರ ಕಾರು ಕುಣಿಯದೆ ವಾಲಿ ನಿಲ್ಲುತ್ತದೆ.

ಇನ್ನು 'ವೀಕ್' ಆಗುವ ಮಾತು. ಎಳೆದಷ್ಟೇ ಬಲ ಎಂಬ ಸ್ಪ್ರಿಂಗಿನ ನಿಯಮವನ್ನು ಕಂಡುಕೊಂಡ ರಾಬರ್ಟ್ ಹುಕ್ ಮಹಾ ಅನುಮಾನದ ಮನುಷ್ಯ. ಬೇರೆಯವರು ಕದ್ದಾರೆಂದು 1676ರಲ್ಲಿ ಅದನ್ನು ಹದಿನಾಲ್ಕು ಲ್ಯಾಟಿನ್ ಅಕ್ಷರಗಳನ್ನು ಅಕಾರಾದಿಯಾಗಿ ಜೋಡಿಸಿದ ಒಗಟಾಗಿ ಅಚ್ಚು ಹಾಕಿಸಿದ. ಬಿಡಿಸಿ ಹೇಳಿದ್ದು 1678ರಲ್ಲಿ: 'ಉಟ್ ಟೆನ್ಸಿಯೊ, ಸಿಕ್ ವಿಸ್', ಎಳೆತ ಹೇಗೋ ಬಲ ಹಾಗೆ. ಒಂದು ಮಿ.ಮೀ. ಒತ್ತಲು ಎಷ್ಟು ಭಾರ ಬೇಕು ಎಂಬುದು ಸ್ಪ್ರಿಂಗಿನ ಬಿಗಿತ. ಅದನ್ನು ತೀರ್ಮಾನಿಸುವುದು ತಂತಿಯ ದಪ್ಪ, ಸುರುಳಿಯ ಅಗಲ, ಸುತ್ತುಗಳ ಸಂಖ್ಯೆ ಮತ್ತು ಉಕ್ಕಿನ ಒಂದು ಸ್ಥಿರಾಂಕ. ಆ ಸ್ಥಿರಾಂಕ ಕಬ್ಬಿಣದ ಪರಮಾಣುಗಳು ಒಂದನ್ನೊಂದು ಹಿಡಿದುಕೊಂಡಿರುವ ಬಲದಿಂದ ಬರುವಂಥದ್ದು. ಪರಮಾಣುಗಳಿಗೆ ವಯಸ್ಸಾಗುವುದಿಲ್ಲ. ಎರಡು ಲಕ್ಷ ಕಿ.ಮೀ. ಓಡಿದ ಸ್ಪ್ರಿಂಗೂ ಹೊಸದರಷ್ಟೇ ಬಿಗಿ.

ಹಾಗಾದರೆ ಕಾರು ಕುಸಿದದ್ದು ಯಾಕೆ? ಸ್ಪ್ರಿಂಗಿನ ಉದ್ದವೇ ಕಡಿಮೆಯಾಗಿದೆ. ಲೆಕ್ಕ ನೋಡಿ. ಮಿಲಿಮೀಟರಿಗೆ 2 ಕೆ.ಜಿ. ಬಿಗಿತದ, 350 ಮಿ.ಮೀ. ಉದ್ದದ ಸ್ಪ್ರಿಂಗಿನ ಮೇಲೆ 300 ಕೆ.ಜಿ. ಕೂತರೆ ಅದು 150 ಮಿ.ಮೀ. ಒತ್ತಿಕೊಂಡು 200ಕ್ಕೆ ನಿಲ್ಲುತ್ತದೆ. ವರ್ಷಗಳಲ್ಲಿ ಉದ್ದ 335ಕ್ಕೆ ಇಳಿದಿದ್ದರೆ, ಅದೇ 150 ಒತ್ತಿಕೊಂಡು 185ಕ್ಕೆ ನಿಲ್ಲುತ್ತದೆ. ಹಂಪಿನ ಮೇಲೆ 'ಧಡ್' ಎನ್ನುವುದೂ ಇದರಿಂದಲೇ: ಸ್ಪ್ರಿಂಗ್ ಪೂರ್ತಿ ಕುಸಿಯದಂತೆ ತಡೆಯುವ ರಬ್ಬರ್ ಸ್ಟಾಪರ್ 15 ಮಿ.ಮೀ. ಹತ್ತಿರ ಬಂದಿದೆ.

ಉಕ್ಕು ಗಿಡ್ಡವಾಗುವ ಬಗೆಯೇ ಇಲ್ಲಿನ ಸೊಗಸು. ಹಾಸಿದ ದೊಡ್ಡ ಜಮಖಾನೆಯನ್ನು ನಾಲ್ಕು ಬೆರಳು ಸರಿಸಬೇಕೆಂದು ಇಡಿಯಾಗಿ ಎಳೆದರೆ ಜಗ್ಗದು. ಒಂದು ತುದಿಯಲ್ಲಿ ಸುಕ್ಕು ಎಬ್ಬಿಸಿ ಆ ಸುಕ್ಕನ್ನು ಕಾಲಿನಿಂದ ಆಚೆ ತುದಿಗೆ ತಳ್ಳಿದರೆ ಸಲೀಸಾಗಿ ಸರಿಯುತ್ತದೆ. ಪರಮಾಣುಗಳ ಸಾಲಿನಲ್ಲೂ ಇಂಥ ಸುಕ್ಕುಗಳಿವೆ. 1934ರಲ್ಲಿ ಟೇಲರ್, ಓರೊವಾನ್, ಪೊಲಾನ್ಯಿ ಎಂಬ ಮೂವರು ವಿಜ್ಞಾನಿಗಳು ಬೇರೆಬೇರೆಯಾಗಿಯೇ ಇದನ್ನು ಹೇಳಿದರು. ಭಾರದಡಿ ವರ್ಷಗಟ್ಟಲೆ ನಿಂತ ಸ್ಪ್ರಿಂಗಿನಲ್ಲಿ ಈ ಸುಕ್ಕುಗಳು ಕೂದಲೆಳೆಯಷ್ಟು ಜರುಗುತ್ತ ಹೋಗುತ್ತವೆ, ಮತ್ತೆ ಹಿಂದಕ್ಕೆ ಬರುವುದಿಲ್ಲ. ನವಾರದ ಮಂಚ ಜೋತುಬೀಳುವುದೂ ಹೀಗೆಯೇ: ಪಟ್ಟಿ ಹರಿದಿರುವುದಿಲ್ಲ, ಎಳೆಗಳು ಇದ್ದಲ್ಲಿಂದ ಜರುಗಿರುತ್ತವೆ. ಮಂಡಕ್ಕಿ ಚೀಲ ತುಂಬುವವರು ನಡುನಡುವೆ ಚೀಲವನ್ನು ನೆಲಕ್ಕೆ ಕುಟ್ಟುವುದನ್ನು ದಾವಣಗೆರೆಯವರಿಗೆ ಹೇಳಿಕೊಡಬೇಕಿಲ್ಲ. ಮುಂದೆ ಕೂರಬೇಕಾದದ್ದು ಈಗಲೇ ಕೂತುಬಿಡಲಿ ಎಂಬ ಉಪಾಯ ಅದು. ಸ್ಪ್ರಿಂಗ್ ಕಾರ್ಖಾನೆಯಲ್ಲೂ ಅದನ್ನೇ ಮಾಡುತ್ತಾರೆ: ಬೇಕಾದ್ದಕ್ಕಿಂತ ತುಸು ಉದ್ದವಾಗಿ ಸುತ್ತಿ, ಒಂದು ಸುತ್ತು ಇನ್ನೊಂದಕ್ಕೆ ತಾಗುವಷ್ಟು ಒತ್ತಿ ಬಿಡುತ್ತಾರೆ. ಕುಸಿಯುವ ಬಹುಪಾಲು ಅಲ್ಲಿಯೇ ಕುಸಿದುಬಿಡುತ್ತದೆ. ಅಗ್ಗದ ನಕಲಿ ಸ್ಪ್ರಿಂಗುಗಳಲ್ಲಿ ಈ ಕೆಲಸ ಸರಿಯಾಗಿ ಆಗಿರದಿದ್ದರೆ, ಅದು ನಿಮ್ಮ ಕಾರಿನ ಕೆಳಗೆ ಆಗುತ್ತದೆ. ಭಾರ ಹೆಚ್ಚಿದಷ್ಟೂ ಜರುಗಾಟ ಹೆಚ್ಚು. ಡಿಕ್ಕಿಯಲ್ಲಿ ಮೆಕ್ಕೆಜೋಳದ ಚೀಲ ತುಂಬಿ ರಾತ್ರಿಯೆಲ್ಲ ನಿಲ್ಲಿಸುವ ಅಭ್ಯಾಸ ಒಂದೆರಡು ಸಲದ ಗುಂಡಿಗಿಂತ ಕೆಟ್ಟದ್ದು.

ಬಿಗಿತವೇ ಕಡಿಮೆಯಾಗುವ ಒಂದು ಸಂದರ್ಭ ಇದೆ, ಅದು ತುಕ್ಕು. ಬಿಗಿತವು ತಂತಿಯ ದಪ್ಪದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. 12 ಮಿ.ಮೀ. ತಂತಿ ಸವೆದು 11.5 ಆದರೆ ಬಿಗಿತ ಸುಮಾರು ಶೇ. 16 ಇಳಿಯುತ್ತದೆ. ಮೇಲಿನ ಲೆಕ್ಕದ ಕಾರು ಆ ಅರ್ಧ ಮಿಲಿಮೀಟರಿಗೆ 28 ಮಿ.ಮೀ. ಕೂರುತ್ತದೆ. ತುಕ್ಕಿನ ಗುಳಿಯಲ್ಲಿ ಬಿರುಕು ಹುಟ್ಟಿ ಕೆಳತುದಿಯ ಸುತ್ತು ತುಂಡಾಗುವುದೂ ಉಂಟು. ಸ್ಪ್ರಿಂಗ್ ಕೂರುವ ಬಟ್ಟಲಿನೊಳಗೇ ತುಂಡು ಕೂತಿರುವುದರಿಂದ ಕೆಸರು ತೊಳೆದು, ಟಾರ್ಚ್ ಹಾಕಿ, ತಂತಿಯ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ತುಂಡಾದದ್ದು ಒರಟಾಗಿರುತ್ತದೆ.

ಬಿಚ್ಚುವ ಮೊದಲು ಅಳತೆ. ಡಿಕ್ಕಿ ಖಾಲಿ ಮಾಡಿ, ನಾಲ್ಕೂ ಟೈರಿಗೆ ಹೇಳಿದಷ್ಟು ಗಾಳಿ ತುಂಬಿ, ಸಮನಾದ ನೆಲದ ಮೇಲೆ ನಿಲ್ಲಿಸಿ. ನೆಲ ಸಮವೋ ಎಂದು ಗಾರೆಯವರ ನೀರಿನ ಟ್ಯೂಬ್ ಹಿಡಿದು ನೋಡಿ, ಕಣ್ಣನ್ನು ನಂಬಬೇಡಿ. ಕಾರನ್ನು ಹಿಂದಕ್ಕೂ ಮುಂದಕ್ಕೂ ಹತ್ತಡಿ ಉರುಳಿಸಿ, ನಾಲ್ಕೂ ಮೂಲೆ ಒತ್ತಿ ಬಿಡಿ. ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ನೇರ ಮೇಲಕ್ಕೆ ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ಸವೆತವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಎಡಬಲದ ವ್ಯತ್ಯಾಸ 10 ಮಿ.ಮೀ. ಒಳಗಿದ್ದರೆ ಮನೆಗೆ ಹೋಗಿ. ಮಡ್‌ಗಾರ್ಡಿಗೆ ಟಿಂಕರಿಂಗ್ ಆಗಿದ್ದರೆ ಆ ಅಂಚನ್ನೂ ನಂಬುವಂತಿಲ್ಲ, ಚಾಸಿಯ ಒಂದೊಂದು ಬೋಲ್ಟ್ ಹಿಡಿದು ಎರಡೂ ಬದಿ ಅಳೆಯಿರಿ.

ಕುಸಿದ ಮೂಲೆಯೇ ಅಪರಾಧಿ ಎಂದುಕೊಳ್ಳುವಂತಿಲ್ಲ. ಒಂದು ಕಾಲು ಗಿಡ್ಡವಾದ ಮೇಜು ಎದುರು ಮೂಲೆಯಲ್ಲೂ ಕುಣಿಯುತ್ತದಲ್ಲ, ಹಾಗೆ. ಹಿಂದಿನ ಬಲ ಸ್ಪ್ರಿಂಗ್ ಗಿಡ್ಡವಾದರೂ ಮುಂದಿನ ಬಲಗಡೆ ಬಾಗುತ್ತದೆ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಬಾಡಿಯ ನಡುವಿನ ಗಟ್ಟಿ ಅಡ್ಡಪಟ್ಟಿಗೆ ಟ್ರಾಲಿ ಜಾಕ್ ಕೊಟ್ಟು ಹಿಂದಿನ ಚಕ್ರ ನೆಲ ಬಿಡುವಷ್ಟು ಎತ್ತಿ. ಈಗ ಕಾರು ಮುಕ್ಕಾಲಿ. ಮುಂದಿನ ಎಡಬಲ ಸಮವಾದರೆ ದೋಷ ಹಿಂದಿನದು, ವಾಲಿಕೆ ಹಾಗೇ ಉಳಿದರೆ ಮುಂದಿನದು. ಬರೀ ಜಾಕ್ ಮೇಲಿರುವ ಕಾರಿನ ಕೆಳಗೆ ತಲೆ ಹಾಕಬೇಡಿ.

ಅಗ್ಗದ ಉಪಾಯಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸುತ್ತುಗಳ ನಡುವೆ ತುರುಕುವ ರಬ್ಬರ್ ಬಫರ್ ಒಂದೆರಡು ಸುತ್ತುಗಳನ್ನು ಕಟ್ಟಿಹಾಕಿ ಉಳಿದವಕ್ಕೆ ಹೊರೆ ಹೇರುತ್ತದೆ. ಗ್ಯಾಸ್ ಕಟರಿನಿಂದ ಕೆಂಪಗೆ ಕಾಯಿಸಿ ಎಳೆಸಿದ ಸ್ಪ್ರಿಂಗ್ ಹದ ಕಳೆದುಕೊಂಡ ಕಂಬಿ. ಪದ್ಮಿನಿ, ಅಂಬಾಸಿಡರ್‌ಗಳ ಹಿಂದಿನ ಕಮಾನು ಪಟ್ಟಿಗಳನ್ನು ತಣ್ಣಗೇ ಬಡಿದು ಬಾಗಿಸಿದರೆ ಕೆಲವು ತಿಂಗಳಲ್ಲಿ ಮತ್ತೆ ಕೂರುತ್ತವೆ. ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದಕ್ಕೆ ತರುವವರ ಬಳಿ ಮಾತ್ರ ಕೊಡಿ.

ಬದಲಿಸುವುದಾದರೆ ಎಡಬಲ ಜೋಡಿಯಾಗಿ, ಪಾರ್ಟ್ ನಂಬರ್ ಮತ್ತು ತಂತಿಯ ಮೇಲಿನ ಬಣ್ಣದ ಗುರುತು ಹೊಂದಿಸಿ. ಸ್ಟ್ರಟ್ (ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಸೇರಿದ ಕಂಬ) ಇಳಿಸಿದ ಮೇಲೆ ಸ್ಪ್ರಿಂಗನ್ನು ಒತ್ತಿಹಿಡಿಯುವ ಕಂಪ್ರೆಸರಿನ ಎರಡು ಕೊಕ್ಕೆಗಳನ್ನು ಎದುರುಬದುರು ಹಾಕಿ, ಒಂದೊಂದನ್ನು ಎರಡೆರಡು ಸುತ್ತು ಕೈಯಿಂದಲೇ ಬಿಗಿಯಿರಿ. ಏರ್ ಗನ್ ಬೇಡ. ಸ್ಪ್ರಿಂಗ್ ಬಟ್ಟಲಿನಲ್ಲಿ ಸಡಿಲವಾಗಿ ತಿರುಗುವ ತನಕ ಮೇಲಿನ ನಟ್ ಮುಟ್ಟಬಾರದು. ಒಳಗೆ ಕೂತಿರುವ ಬಲ ತಲೆಬುರುಡೆ ಒಡೆಯುವಷ್ಟಿರುತ್ತದೆ. ಮೇಲಿನ ರಬ್ಬರ್ ಮೌಂಟ್, ಸ್ಟಾಪರ್ ಆಗಲೇ ಹೊಸದು ಹಾಕಿ. ತಂತಿಯ ತುದಿ ಬಟ್ಟಲಿನ ಮೆಟ್ಟಿಲಿಗೆ ತಾಗಿ ಕೂರಲಿ.

ಕೊನೆಯ ತಪ್ಪು ಬುಷ್‌ಗಳದು, ಇದನ್ನು ಪಳಗಿದ ಕೈಗಳೂ ಮಾಡುತ್ತವೆ. ಚಕ್ರವನ್ನು ಬಾಡಿಗೆ ಜೋಡಿಸುವ ಕೆಳತೋಳು ಲೋಯರ್ ಆರ್ಮ್, ಅದರ ಕೀಲಿನಲ್ಲಿ ಕೂತ ರಬ್ಬರ್ ಬುಷ್ ಜಾರುವುದಿಲ್ಲ, ಹೊಸೆದುಕೊಳ್ಳುತ್ತದೆ. ಚಕ್ರ ಜೋತಾಡುತ್ತಿರುವಾಗಲೇ ಅದರ ಬೋಲ್ಟ್ ಬಿಗಿದರೆ, ಕಾರು ಇಳಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ. ಆ ಬದಿ ಸುಳ್ಳು ಎತ್ತರ ತೋರಿಸುತ್ತದೆ, ಬುಷ್ ಬೇಗ ಹರಿಯುತ್ತದೆ. ಬೋಲ್ಟುಗಳನ್ನು ಸಡಿಲ ಇಟ್ಟು, ಕಾರಿನ ಭಾರ ಚಕ್ರದ ಮೇಲೆ ಬಂದ ಮೇಲೆ ಒಮ್ಮೆ ಉರುಳಿಸಿ, ಆಮೇಲೆ ಹೇಳಿದಷ್ಟು ಟಾರ್ಕಿಗೆ ಬಿಗಿಯಿರಿ. ಎತ್ತರ ಬದಲಾದರೆ ಚಕ್ರಗಳ ಕೋನವೂ ಹೆಡ್‌ಲೈಟಿನ ನೋಟವೂ ಬದಲಾಗುತ್ತವೆ. ಹೊಸ ಸ್ಪ್ರಿಂಗ್ ಮೊದಮೊದಲು ಕೆಲವು ಮಿ.ಮೀ. ಕೂರುವುದರಿಂದ, ಚಿತ್ರದುರ್ಗಕ್ಕೆ ನಾಲ್ಕಾರು ಸಲ ಹೋಗಿ ಬಂದು, ಮತ್ತೆ ಅಳೆದು, ಆಮೇಲೆ ಅಲೈನ್‌ಮೆಂಟಿಗೆ ಒಯ್ಯಿರಿ.