ಶ್ವಾಸಕೋಶಕ್ಕೆ ಎಷ್ಟು ಗಾಳಿ ಕೊಡಬೇಕು?

1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿದಾಗ ಉಸಿರಾಟದ ಸ್ನಾಯುಗಳೇ ಸೋತವರು ಆಸ್ಪತ್ರೆ ತುಂಬಿದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅವರ ಸಲಹೆಯಂತೆ ಕತ್ತಿನಲ್ಲಿ ರಂಧ್ರ ಮಾಡಿ, ಕೊಳವೆ ಇಳಿಸಿ, ರಬ್ಬರ್ ಚೀಲ ಹಿಸುಕಿ ಗಾಳಿ ಕೊಟ್ಟರು. ವೈದ್ಯಕೀಯ ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು ಹಗಲಿರುಳು ಆ ಚೀಲ ಹಿಸುಕಿದರು. ಸಾವಿನ ಪ್ರಮಾಣ ಅರ್ಧಕ್ಕೂ ಕೆಳಗಿಳಿಯಿತು. ಇಂದಿನ ಐಸಿಯುಗಳ ಬೇರು ಅಲ್ಲಿದೆ.

1967ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 12 ರೋಗಿಗಳ ವರದಿ ಬಂತು. ಇವರಲ್ಲಿ ಕೆಟ್ಟಿದ್ದು ಶ್ವಾಸಕೋಶವೇ. ಗಾಯ, ಸೋಂಕಿನಂಥ ಕಾರಣಗಳಿಂದ ಉರಿಯೂತವಾಗಿ ಗಾಳಿಗೂಡುಗಳಲ್ಲಿ ದ್ರವ ತುಂಬಿಕೊಳ್ಳುವ ಈ ಸ್ಥಿತಿಯೇ ಎಆರ್‌ಡಿಎಸ್.

ರಕ್ತದ ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಮಟ್ಟ ಸರಿಯಾಗಲೆಂದು ವೈದ್ಯರು ವೆಂಟಿಲೇಟರಿನಿಂದ ಧಾರಾಳವಾಗಿ ಗಾಳಿ ತುಂಬುತ್ತಿದ್ದರು. ಎಡವಟ್ಟಾಗಿದ್ದು ಇಲ್ಲಿಯೇ. ಇಟಲಿಯ ವೈದ್ಯ ಗಾಟಿನೋನಿ ಅವರ ಸಿಟಿ ಸ್ಕ್ಯಾನ್ ಅಧ್ಯಯನಗಳು ಕಾಯಿಲೆಬಿದ್ದ ಶ್ವಾಸಕೋಶದಲ್ಲಿ ತೆರೆದುಕೊಂಡಿರುವ ಭಾಗ ಮಗುವಿನ ಶ್ವಾಸಕೋಶದಷ್ಟೇ ಎಂದು ತೋರಿಸಿದವು. ಕೊಟ್ಟ ಗಾಳಿಯೆಲ್ಲ ಅಷ್ಟರೊಳಗೇ ನುಗ್ಗಿ, ಉಳಿದಿದ್ದ ಒಳ್ಳೆಯ ಭಾಗವನ್ನೂ ಹಿಗ್ಗಿಸಿ ಹಾಳುಮಾಡುತ್ತಿತ್ತು. ಜೀವ ಉಳಿಸುವ ಯಂತ್ರವೇ ಗಾಯ ಮಾಡುತ್ತಿತ್ತು!

2000ದಲ್ಲಿ ಅಮೆರಿಕದ 861 ರೋಗಿಗಳ ಅಧ್ಯಯನ ಈ ಚರ್ಚೆಯನ್ನು ಬಹುಮಟ್ಟಿಗೆ ಮುಗಿಸಿತು. ಪ್ರತಿ ಉಸಿರಿಗೆ ದೇಹತೂಕದ ಕಿಲೋಗೆ 12 ಮಿ.ಲೀ. ಬದಲು 6 ಮಿ.ಲೀ. ಗುರಿ ಇಟ್ಟಾಗ ಸಾವು ಶೇ 39.8ರಿಂದ ಶೇ 31ಕ್ಕೆ ಇಳಿಯಿತು. ಈ ಕಿಲೋ ತಕ್ಕಡಿಯ ತೂಕವಲ್ಲ. ಎತ್ತರ ಮತ್ತು ಲಿಂಗದಿಂದ ಲೆಕ್ಕ ಹಾಕಿದ್ದು. ಮೈ ಬಂದಷ್ಟಕ್ಕೆ ಶ್ವಾಸಕೋಶ ದೊಡ್ಡದಾಗುವುದಿಲ್ಲ.

2013ರಲ್ಲಿ ಫ್ರಾನ್ಸ್ ನೇತೃತ್ವದ ಪ್ರೊಸೇವಾ ಅಧ್ಯಯನ ತೀವ್ರ ರೋಗಿಗಳನ್ನು ದಿನಕ್ಕೆ 16 ಗಂಟೆಯಾದರೂ ಬೋರಲು ಮಲಗಿಸಿತು. ಬೆನ್ನಿನ ಕಡೆಯ ಶ್ವಾಸಕೋಶ ಬಿಚ್ಚಿಕೊಂಡು ಗಾಳಿ ಸಮನಾಗಿ ಹಂಚಿತು. 28 ದಿನಗಳೊಳಗಿನ ಸಾವು ಶೇ 32.8ರಿಂದ ಶೇ 16ಕ್ಕಿಳಿಯಿತು. ಕೋವಿಡ್ ಕಾಲದಲ್ಲಿ ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಔಷಧವೂ ವೆಂಟಿಲೇಟರಿನಲ್ಲಿದ್ದವರ ಸಾವು ತಗ್ಗಿಸಿತು.

ನನ್ನನ್ನು ಕಾಡುವುದು 2016ರಲ್ಲಿ ಪ್ರಕಟವಾದ 50 ದೇಶಗಳ ಸಮೀಕ್ಷೆ. ಎಆರ್‌ಡಿಎಸ್ ಇದ್ದ ಪ್ರತಿ ಹತ್ತು ಜನರಲ್ಲಿ ಸುಮಾರು ನಾಲ್ವರಲ್ಲಿ ಅದನ್ನು ವೈದ್ಯರು ಗುರುತಿಸಿಯೇ ಇರಲಿಲ್ಲ. ಮೂರನೇ ಒಂದಕ್ಕೂ ಹೆಚ್ಚು ಜನರಿಗೆ ಕಿಲೋಗೆ 8 ಮಿ.ಲೀ.ಗಿಂತ ಜಾಸ್ತಿ ಗಾಳಿ ಹೋಗುತ್ತಿತ್ತು. ತೀವ್ರ ರೋಗಿಗಳಲ್ಲಿ ಬೋರಲು ಮಲಗಿಸಿದ್ದು ಶೇ 16ರಷ್ಟು ಜನರನ್ನು ಮಾತ್ರ. ಎರಡಕ್ಕೂ ಹೊಸ ಯಂತ್ರ ಬೇಕಿರಲಿಲ್ಲ. ಅಳತೆಯ ಟೇಪು, ಪಳಗಿದ ನಾಲ್ಕಾರು ಕೈ ಬೇಕಿತ್ತು.

ಹಾಗಾಗಿಯೇ ಎಆರ್‌ಡಿಎಸ್‌ನ ಹೊಸ ಜಾಗತಿಕ ವ್ಯಾಖ್ಯಾನ ನನಗೆ ಮುಖ್ಯವೆನಿಸುತ್ತದೆ. ಸೌಲಭ್ಯ ಕಡಿಮೆ ಇರುವಲ್ಲಿ ವೆಂಟಿಲೇಟರ್, ರಕ್ತಪರೀಕ್ಷೆ ಇಲ್ಲದೆಯೂ ಪಲ್ಸ್ ಆಕ್ಸಿಮೀಟರ್ ಮತ್ತು ಅಲ್ಟ್ರಾಸೌಂಡ್ ನೆರವಿನಿಂದ ಈಗ ರೋಗ ಗುರುತಿಸಬಹುದು.