ಎರಡು ಸಹಿ, ಒಂದು ಹಡಗು

1894ರ ಬ್ರಿಟಿಷ್ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆಯ 284ನೇ ಕಲಮನ್ನು ಕೆಲಸಕ್ಕೆ ಹೊಸದಾಗಿ ಸೇರಿದ ಸರ್ವೇಯರುಗಳಿಂದ, ಅಂದರೆ ಹಡಗು ತಪಾಸಣೆ ಮಾಡುವವರಿಂದ, ಈಗಲೂ ಓದಿಸುತ್ತೇನೆ. ವಸಾಹತಿನ ಬಂದರೊಂದು ಪ್ರಯಾಣಿಕರ ಸ್ಟೀಮರಿಗೆ ಅದು ಯೋಗ್ಯವೆಂದು ಕೊಟ್ಟ ಸರ್ಟಿಫಿಕೇಟಿಗೆ, ಹಡಗುಗಳ ಉಸ್ತುವಾರಿಯಿದ್ದ ಬ್ರಿಟನ್ನಿನ ಸರ್ಕಾರಿ ಇಲಾಖೆ ಬೋರ್ಡ್ ಆಫ್ ಟ್ರೇಡ್ ಕೊಟ್ಟದ್ದರಷ್ಟೇ ಬಲ ಬರಬೇಕಾದರೆ ಏನಿರಬೇಕು ಎಂಬುದು ಅಲ್ಲಿದೆ. ಸರ್ಟಿಫಿಕೇಟು ಅದೇ ಅರ್ಥದ್ದಾಗಿರಬೇಕು, ಅದರ ಹಿಂದಿನ ಸರ್ವೆ ಬ್ರಿಟನ್ನಿನಲ್ಲಿ ನಡೆಯುವಂಥದ್ದೇ ಆಗಿರಬೇಕು, ಕೊಡುವ ಕ್ರಮವೂ ಅಷ್ಟೇ ಸಮರ್ಥವಾಗಿರಬೇಕು. ತನಗೆ ತೃಪ್ತಿಯಾಗಿದೆ ಎಂದು ಬೋರ್ಡ್ ವರದಿ ಕೊಟ್ಟರೆ ಮಾತ್ರ ಲಂಡನ್ನಿನಿಂದ ರಾಜಾಜ್ಞೆ ಹೊರಡುತ್ತಿತ್ತು, ಅದೂ ಷರತ್ತು ಹಾಕಿ. ಮೊದಲನೆಯದಕ್ಕೆ ಬ್ರಿಟನ್ನಿನ ಕಾನೂನನ್ನು ನಕಲು ಮಾಡಿಕೊಂಡರೂ ನಡೆದೀತು. ಉಳಿದೆರಡಕ್ಕೆ ಕೆಲಸ ಬಲ್ಲ ಜನ ಬೇಕು.

ಹಾಂಗ್‌ಕಾಂಗನ್ನೇ ನೋಡಿ. ಕ್ಯಾಂಟನ್ನಿಗೆ, ಮಕಾವಿಗೆ ಹೋಗುವ ಸ್ಟೀಮರುಗಳಲ್ಲಿ ಡೆಕ್ ತುಂಬ ಚೀನೀ ಪ್ರಯಾಣಿಕರು. ಹಡಗು ರಿಪೇರಿ ಮಾಡುವ ಹಾಂಗ್‌ಕಾಂಗ್ ಅಂಡ್ ವಾಂಪೋವ ಡಾಕ್ ಕಂಪನಿ 1863ರಷ್ಟು ಹಿಂದೆಯೇ ಶುರುವಾಗಿತ್ತು. ದೊಡ್ಡ ರಿಪೇರಿಗೆ ಹಡಗು ಬೇರೆಡೆ ಹೋಗಬೇಕಿರಲಿಲ್ಲ. ಆದರೆ ಅಲ್ಲಿನ ಸರ್ಟಿಫಿಕೇಟಿಗೆ ಹೊರಗೆ ಬೆಲೆಯಿಲ್ಲವೆಂದರೆ, ಬ್ರಿಟನ್ನಿನ ಬಂದರಿನಿಂದ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವ ಮುನ್ನ ಅದೇ ಹಡಗು ಮತ್ತೆ ಸರ್ವೆಗೆ ನಿಲ್ಲಬೇಕು. ಸುಮ್ಮನೆ ನಿಂತ ಹಡಗಿನ ಒಂದೊಂದು ದಿನವೂ ಮಾಲೀಕನ ಕೈಯಿಂದ ಹಣ ಕೀಳುತ್ತದೆ.

ಇನ್ನು ಜನರ ಮಾತು. ಹನ್ನೆರಡಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಒಯ್ಯುವ ಸ್ಟೀಮರಿಗೆ ವರ್ಷಕ್ಕೊಮ್ಮೆ ಸರ್ವೆ, ಅದಕ್ಕೆ ಇಬ್ಬರು ಎಂದಿತ್ತು ಕಾಯ್ದೆ. ಒಬ್ಬ ಹಡಗು ಕಟ್ಟುವ ಕೆಲಸ ಬಲ್ಲ ಶಿಪ್‌ರೈಟ್ ಸರ್ವೇಯರ್, ಇನ್ನೊಬ್ಬ ಎಂಜಿನಿಯರ್ ಸರ್ವೇಯರ್. ಹಡಗಿನ ಒಡಲು ಗಟ್ಟಿಯಿದೆಯೆ, ದೋಣಿ, ಲೈಫ್‌ಬಾಯ್, ದೀಪ, ದಿಕ್ಸೂಚಿ ಸರಿಯಿವೆಯೆ, ಡೆಕ್ ಪ್ರಯಾಣಿಕರಿಗೆ ಮರೆ ಇದೆಯೆ, ಎಷ್ಟು ಜನ ಹತ್ತಬಹುದು ಎಂದು ಮೊದಲನೆಯವನು ಬರೆದುಕೊಡಬೇಕು. ಯಂತ್ರ, ಬಾಯ್ಲರ್, ಬೆಂಕಿ ಆರಿಸುವ ಹೋಸ್ ಎರಡನೆಯವನ ಪಾಲು. ಈ ಸ್ಥಿತಿ ಎಷ್ಟು ಕಾಲ ಬಾಳುತ್ತದೆ ಎಂದೂ ಇಬ್ಬರೂ ಹೇಳಬೇಕಿತ್ತು. ಕಷ್ಟ ಇರುವುದು ಆ ಕೊನೆಯ ಮಾತಿನಲ್ಲಿ. ಇವತ್ತು ಸರಿಯಿದೆ ಎನ್ನಲು ಕಣ್ಣು ಸಾಕು. ಇನ್ನೊಂದು ವರ್ಷ ಸರಿಯಿರುತ್ತದೆ ಎನ್ನಲು ತುಕ್ಕು ಹಿಡಿದ ಪ್ಲೇಟುಗಳನ್ನು ವರ್ಷಗಟ್ಟಲೆ ಬಡಿದು ನೋಡಿರಬೇಕು.

ಸುತ್ತಿಗೆಯ ಏಟಿಗೆ ಒಳ್ಳೆಯ ಪ್ಲೇಟು ಕಂಚಿನ ತಟ್ಟೆಯಂತೆ ಕಣಕಣ ಎನ್ನುತ್ತದೆ, ಸವೆದದ್ದರ ಸದ್ದು ಮಂಕು. ಅನುಮಾನ ಬಂದ ಕಡೆ ತೂತು ಕೊರೆದು ದಪ್ಪ ಅಳೆಯುವುದು ಅಂದಿನ ಪದ್ಧತಿ. ಬಾಯ್ಲರಿನ ಹೆಚ್ಚಿನ ಆವಿಯನ್ನು ಹೊರಬಿಡುವ ಸೇಫ್ಟಿ ವಾಲ್ವಿನದು ಇನ್ನೂ ಸೂಕ್ಷ್ಮ. ಆವಿ ಏರಿದಾಗ ಅದು ಹಡಗಿನ ಎಂಜಿನಿಯರನ ಕೈಗೆ ಸಿಗದಂತಿರಬೇಕೆಂದು ಕಾಯ್ದೆಯೇ ಹೇಳುತ್ತಿತ್ತು. ಹೊತ್ತಿಗೆ ಸರಿಯಾಗಿ ತಲುಪುವ ಆತುರಕ್ಕೆ ವಾಲ್ವಿನ ಮೇಲೆ ಭಾರ ಹೇರಿದರೆ ಬಾಯ್ಲರ್ ಸಿಡಿಯುತ್ತದೆ. ಎಷ್ಟು ಭಾರಕ್ಕೆ ಮಿತಿ ಎಂದು ಗೊತ್ತುಮಾಡುತ್ತಿದ್ದವನು ಎಂಜಿನಿಯರ್ ಸರ್ವೇಯರ್. ಮರದ ಹಡಗು ಕಟ್ಟಿ ಪಳಗಿದವನಿಗೆ ಈ ಕೆಲಸ ಒಪ್ಪಿಸಲಾಗದು.

ಚಿಕ್ಕ ಬಂದರು ಎಡವುತ್ತಿದ್ದದ್ದು ಇಲ್ಲಿಯೇ. ಸರ್ವೇಯರನನ್ನು ನೇಮಿಸುವ ಅಧಿಕಾರ ಗವರ್ನರನಿಗೆ ಇತ್ತು. ಆದರೆ ಅಧಿಕಾರವಿದ್ದ ಮಾತ್ರಕ್ಕೆ ಹಡಗುಕಟ್ಟೆಯಲ್ಲಿ ಬೆಳೆದ ಅನುಭವಿ ಸಿಗುವುದಿಲ್ಲ. ಸಿಕ್ಕ ಒಬ್ಬನ ತಲೆಗೇ ಒಡಲು, ಬಾಯ್ಲರ್, ಎಂಜಿನಿಯರುಗಳ ಪರೀಕ್ಷೆ, ಅಪಘಾತದ ವಿಚಾರಣೆ ಎಲ್ಲವನ್ನೂ ಕಟ್ಟಿದರೆ ಸರ್ವೆ ಅವಸರದ್ದಾಗುತ್ತದೆ. ಅವನು ಕಾಯಿಲೆ ಬಿದ್ದರೆ ಅಥವಾ ರಜೆಯ ಮೇಲೆ ಊರಿಗೆ ಹೊರಟರೆ ಕಚೇರಿಗೇ ಬೀಗ. ಡಾಕ್ ಕಂಪನಿಯ ಎಂಜಿನಿಯರನನ್ನು ಎರವಲು ತರುವುದು ಸುಲಭದ ದಾರಿ, ನನ್ನ ಮಟ್ಟಿಗೆ ಅತಿ ಅಪಾಯದ ದಾರಿಯೂ ಅದೇ. ತಾನೇ ಮಾಡಿದ ರಿಪೇರಿಗೆ ತಾನೇ ಸಹಿ ಹಾಕಿದ ಕಾಗದವನ್ನು ಯಾರು ನಂಬಬೇಕು? ಸರ್ವೆ ಶುಲ್ಕ ಖಜಾನೆಗೆ ಹೋಗಬೇಕು, ಸರ್ವೇಯರನಿಗೆ ಸಂಬಳ ಬರಬೇಕು, ಮಾಲೀಕನಿಂದ ಒಂದು ಕಾಸೂ ಮುಟ್ಟಬಾರದು. ಮಾನ್ಯತೆ ಬೇಕೆನ್ನುವ ಕಚೇರಿ ಇದನ್ನು ಮೊದಲು ಗಟ್ಟಿಮಾಡಿಕೊಳ್ಳಬೇಕು.

ಇದು ಹಳೆಯ ಕತೆಯಲ್ಲ. 2016ರಿಂದ ವಿಶ್ವಸಂಸ್ಥೆಯ ಹಡಗು ಸಂಸ್ಥೆಯಾದ ಐಎಂಒದ ಸದಸ್ಯ ರಾಷ್ಟ್ರಗಳಿಗೆಲ್ಲ ಆಡಿಟ್ ಕಡ್ಡಾಯ. 1949ರಲ್ಲಿ ಶುರುವಾದ, ಭಾರತದ ಹಡಗು ಆಡಳಿತ ನೋಡುವ ನಮ್ಮ ಡಿಜಿ ಶಿಪ್ಪಿಂಗ್ ಕೂಡ ಅದರಿಂದ ಹೊರತಲ್ಲ. ಆಡಿಟ್‌ನಲ್ಲಿ ಸರ್ವೇಯರುಗಳ ಅರ್ಹತೆ, ತರಬೇತಿಗೆ ದಾಖಲೆ ತೋರಿಸಬೇಕು. ಹೊಸದಾಗಿ ಸರ್ವೆ ವಿಭಾಗ ಕಟ್ಟುವವರು ಸಲಹೆ ಕೇಳಿದರೆ, ನಮೂನೆಗಳನ್ನು ಅಚ್ಚು ಹಾಕಿಸುವ ಮುಂಚೆ ಎರಡನೆಯ ಸರ್ವೇಯರನ ಹುದ್ದೆಗೆ ಮಂಜೂರಾತಿ ಪಡೆಯಿರಿ ಎನ್ನುತ್ತೇನೆ.