ಯು-505: ಒಂದು ಸ್ಟ್ರೇನರ್ ಮುಚ್ಚಳದ ಲೆಕ್ಕ

ಇಪ್ಪತ್ತೆರಡು ವರ್ಷದಿಂದ ಹಡಗಿನ ಇಂಜಿನ್ ರೂಮಲ್ಲಿ ಕೆಲಸ ಮಾಡ್ತಿದೀನಿ. ಹೊಸದಾಗಿ ಜಾಯಿನ್ ಆದ ಹುಡುಗರನ್ನ ನಾನು ಮೊದಲು ಕರ್ಕೊಂಡು ಹೋಗಿ ನಿಲ್ಸೋದು ಸೀ ಸ್ಟ್ರೇನರ್ ಹತ್ರ. ಇಂಜಿನ್ ತಣ್ಣಗಿಡೋಕೆ ಸಮುದ್ರದ ನೀರು ಬೇಕಲ್ಲ, ಅದು ಹಡಗಿನ ತಳದಲ್ಲಿರೋ ಬಾಯಿಂದ ಒಳಗೆ ಬಂದು, ಒಂದು ವಾಲ್ವ್ ದಾಟಿ, ಈ ಜರಡಿ ಪೆಟ್ಟಿಗೆ ಮೂಲಕ ಪಂಪಿಗೆ ಹೋಗುತ್ತೆ. ಚಿಪ್ಪು, ಏಡಿಮರಿ, ಜೆಲ್ಲಿ ಫಿಶ್, ಪ್ಲಾಸ್ಟಿಕ್ ಕವರ್ ಎಲ್ಲ ಬಂದು ಸಿಕ್ಕಿಹಾಕ್ಕೊಳೋದು ಅಲ್ಲೇ. ಆಗಾಗ ಬಿಚ್ಚಿ ಕ್ಲೀನ್ ಮಾಡ್ಬೇಕು.

ಬಿಚ್ಚೋಕೊಂದು ಕ್ರಮ ಇದೆ. ಎರಡೂ ಕಡೆ ವಾಲ್ವ್ ಮುಚ್ಚು, ಮೇಲಿನ ಏರ್ ಕಾಕ್ ತೆಗಿ, ನಟ್‌ಗಳನ್ನ ಪೂರ್ತಿ ಬಿಚ್ಚದೆ ಎರಡೇ ಸುತ್ತು ಸಡಿಲ ಮಾಡು, ಮುಚ್ಚಳವನ್ನ ಸ್ವಲ್ಪ ಎಬ್ಬಿಸಿ ನೋಡು. ನೀರು ಬಂದು ನಿಂತ್ರೆ ಸರಿ, ನಿಲ್ಲದೆ ಬರ್ತಾನೇ ಇದ್ರೆ ಕೆಳಗಿನ ವಾಲ್ವ್ ಹಿಡೀತಿಲ್ಲ ಅಂತ ಅರ್ಥ, ತಕ್ಷಣ ನಟ್ ಬಿಗಿ ಮಾಡು. ನಾನು ಫೋರ್ತ್ ಇಂಜಿನಿಯರ್ ಆಗಿದ್ದಾಗ ಒಂದು ಹಳೇ ಹಡಗಲ್ಲಿ ಆತುರಕ್ಕೆ ಬಿದ್ದು ನಾಲ್ಕು ನಟ್ ಪೂರ್ತಿ ತೆಗೆದ್ಬಿಟ್ಟೆ, ಮುಚ್ಚಳದ ಒಂದು ಕಡೆಯಿಂದ ನೀರು ತಗಡಿನ ಥರ ಎದ್ದು ಎದೆಗೆ ಹೊಡೀತು, ಸೆಕೆಂಡ್ ಇಂಜಿನಿಯರ್ ಓಡಿಬಂದು ಮುಚ್ಚಳದ ಮೇಲೆ ಮೊಣಕಾಲು ಊರಿ ಕೂತ್ರು, ನಾನು ನಡುಗೋ ಕೈಲಿ ನಟ್ ಹಾಕ್ದೆ. ಒಂದು ನಿಮಿಷದ ಕೆಲಸ, ಆದ್ರೆ ಅಷ್ಟರಲ್ಲೇ ಬಿಲ್ಜಲ್ಲಿ, ಅಂದ್ರೆ ಹಡಗಿನ ತೀರ ತಳದ ಜಾಗದಲ್ಲಿ, ನೀರು ತುಂಬಿ ಅಲಾರಂ ಹೊಡ್ಕೊಳ್ತಿತ್ತು.

ಇದನ್ನೆಲ್ಲ ಹೇಳ್ತಿರೋದು ಯಾಕಂದ್ರೆ, ಶಿಕಾಗೋದ ಗ್ರಿಫಿನ್ ಮ್ಯೂಸಿಯಂ ಆಫ್ ಸೈನ್ಸ್ ಅಂಡ್ ಇಂಡಸ್ಟ್ರಿಯಲ್ಲಿ ಇವತ್ತಿಗೂ ಎರಡನೇ ಮಹಾಯುದ್ಧದ ಒಂದು ಜರ್ಮನ್ ಸಬ್‌ಮರೀನ್ ನಿಂತಿದೆ, ಯು-505, ಅದು ಅಲ್ಲಿರೋಕೆ ಒಂದು ದೊಡ್ಡ ಕಾರಣ ಇಂಥದ್ದೇ ಒಂದು ಮುಚ್ಚಳ. ಈ ಬೋಟ್ ಬಗ್ಗೆ ಓದೋಕೆ ಸಿಗೋ ಬರಹಗಳಲ್ಲಿ ಎನಿಗ್ಮಾ ಅನ್ನೋ ಗುಪ್ತಲಿಪಿ ಯಂತ್ರ, ಕೋಡ್ ಪುಸ್ತಕ, ಟಾರ್ಪಿಡೋ ಇವೇ ಜಾಸ್ತಿ. ಆದ್ರೆ ಅದರ ಚರಿತ್ರೆನ ಇಂಜಿನ್ ರೂಮ್ ಕಡೆಯಿಂದ ನೋಡಿದ್ರೆ ಅದನ್ನ ಸಾವಿನ ಬಾಯಿಗೆ ತಳ್ಳಿದವರೂ ಫಿಟ್ಟರ್‌ಗಳೇ, ಎಳ್ಕೊಂಡು ಬಂದವರೂ ಫಿಟ್ಟರ್‌ಗಳೇ.

ಮೊದಲು ಬೋಟ್ ಹೇಗಿತ್ತು ಅಂತ ನೋಡೋಣ. ಟೈಪ್ ಒಂಬತ್ತು ಸಿ, ಹ್ಯಾಂಬರ್ಗ್‌ನ ಡಾಯ್ಚ ವೆರ್ಫ್ಟ್ ಯಾರ್ಡಲ್ಲಿ 1940ರ ಜೂನಲ್ಲಿ ಕೆಲಸ ಶುರು, 1941ರ ಮೇನಲ್ಲಿ ನೀರಿಗೆ, ಆಗಸ್ಟ್ 26ಕ್ಕೆ ನೌಕಾಪಡೆಗೆ. ಉದ್ದ 76.76 ಮೀಟರ್, ಆದ್ರೆ ಜನ ಬದುಕೋ ಒಳಗಿನ ಪ್ರೆಶರ್ ಹಲ್ ಅಗಲ ಬರೀ 4.4 ಮೀಟರ್, ಆ ಕೊಳವೆ ಒಳಗೆ ಐವತ್ತು ಚಿಲ್ಲರೆ ಜನ, 22 ಟಾರ್ಪಿಡೋ, ಎರಡು ಎಂಎಎನ್ ಡೀಸೆಲ್ ಇಂಜಿನ್, ಎರಡು ಎಲೆಕ್ಟ್ರಿಕ್ ಮೋಟರ್, ನೆಲದಡಿ ಬ್ಯಾಟರಿ. ಒಳಗಿನ ಕೊಳವೆ ಮೇಲೆ ಇನ್ನೊಂದು ಹೊರಗಿನ ಕವಚ, ಎರಡರ ಮಧ್ಯೆ ಬ್ಯಾಲಸ್ಟ್ ಟ್ಯಾಂಕು (ನೀರು ತುಂಬಿಸಿದ್ರೆ ಬೋಟ್ ಮುಳುಗುತ್ತೆ, ಖಾಲಿ ಮಾಡಿದ್ರೆ ತೇಲುತ್ತೆ), ಇಂಧನದ ಟ್ಯಾಂಕು. ಮೇಲೆ ಹತ್ತು ನಾಟ್ ವೇಗದಲ್ಲಿ ಹೋದ್ರೆ 13,450 ನಾಟಿಕಲ್ ಮೈಲಿ ಓಡ್ತಿತ್ತು, ನೀರಡಿಯಲ್ಲಿ ನಾಲ್ಕು ನಾಟ್ ವೇಗದಲ್ಲಿ ಅರವತ್ತು ಚಿಲ್ಲರೆ ಮೈಲಿ ಅಷ್ಟೇ. ಈ ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟು ನೋಡಿದ್ರೆ ಗೊತ್ತಾಗುತ್ತೆ, ಇದು ಮೇಲೇ ಓಡಾಡ್ಕೊಂಡು ಬೇಕಾದಾಗ ಮುಳುಗೋ ಹಡಗು. ದೂರ ಹೋಗೋಕೆ ಕಟ್ಟಿದ್ದು, ಹಾಗಾಗಿ ಚಿಕ್ಕ ಟೈಪ್ ಏಳಕ್ಕಿಂತ ಮುಳುಗೋದು ನಿಧಾನ, ವಿಮಾನ ಕಂಡಾಗ ಆ ಕೆಲವು ಸೆಕೆಂಡೇ ಜೀವಕ್ಕೆ ಬರೋದು.

ಇನ್ನೊಂದು ವಿಷಯ ಇಲ್ಲೇ ಹೇಳ್ಬಿಡ್ತೀನಿ, ಮುಂದೆ ಬೇಕಾಗುತ್ತೆ. ಡೀಸೆಲ್ ಇಂಜಿನ್, ಎಲೆಕ್ಟ್ರಿಕ್ ಮೋಟರ್, ಪ್ರೊಪೆಲ್ಲರ್ ಮೂರೂ ಒಂದೇ ಸಾಲಿನ ಶಾಫ್ಟ್ ಮೇಲೆ, ಮಧ್ಯೆ ಕ್ಲಚ್. ಮೇಲೆ ಓಡುವಾಗ ಡೀಸೆಲ್ಲು ಪ್ರೊಪೆಲ್ಲರ್ ತಿರುಗಿಸುತ್ತೆ, ಬೇಕಂದ್ರೆ ಅದೇ ಮೋಟರನ್ನ ಜನರೇಟರ್ ಮಾಡ್ಕೊಂಡು ಬ್ಯಾಟರಿ ಚಾರ್ಜ್ ಮಾಡುತ್ತೆ. ಮುಳುಗಿದಾಗ ಡೀಸೆಲ್ ಕ್ಲಚ್ ಬಿಡಿಸಿ ಬ್ಯಾಟರಿ ಕರೆಂಟಲ್ಲಿ ಅದೇ ಮೋಟರ್ ಓಡಿಸೋದು.

ಮೊದಲ ಕಮಾಂಡರ್ ಆಕ್ಸೆಲ್-ಓಲಾಫ್ ಲೋವೆ. 1942ರಲ್ಲಿ ಪಶ್ಚಿಮ ಆಫ್ರಿಕಾದ ಫ್ರೀಟೌನ್ ಕಡೆ, ಆಮೇಲೆ ಕೆರಿಬಿಯನ್ ಕಡೆ ಹೋಗಿ ಏಳು ಹಡಗು ಮುಳುಗಿಸಿದ್ರು. ಅದ್ರಲ್ಲಿ ಒಂದು ಕೊಲಂಬಿಯಾದ ಚಿಕ್ಕ ಹಾಯಿಹಡಗು. ಲೋವೆಗೆ ಅಪೆಂಡಿಸೈಟಿಸ್ ಆಗಿ ಅವರ ಜಾಗಕ್ಕೆ ಪೀಟರ್ ಚೆಖ್ ಬಂದ್ರು. ಅವರ ಕಾಲದಲ್ಲಿ ಮುಳುಗಿಸಿದ್ದು ಒಂದೇ ಹಡಗು. ಒಟ್ಟು ಎಂಟು, ಸುಮಾರು 45,000 ಟನ್. ಆ ಹಡಗುಗಳ ಇಂಜಿನ್ ರೂಮಲ್ಲೂ ನಮ್ಮಂಥವರೇ ವಾಚ್ ಡ್ಯೂಟಿ ಮಾಡ್ತಿದ್ರು, ಟಾರ್ಪಿಡೋ ಬಡಿದಾಗ ಮೊದಲು ಹೋಗೋರೂ ಅವರೇ, ಟನ್ ಲೆಕ್ಕ ಓದುವಾಗೆಲ್ಲ ನಂಗೆ ನೆನಪಾಗೋದು ಅದು.

1942ರ ನವೆಂಬರ್ 10, ಟ್ರಿನಿಡಾಡ್ ಹತ್ರ ಬ್ರಿಟಿಷರ ಒಂದು ಹಡ್ಸನ್ ವಿಮಾನ ತೀರ ಕೆಳಗೆ ಬಂದು ಬಾಂಬ್ ಹಾಕ್ತು. ಬಾಂಬ್ ಡೆಕ್ಕಿಗೇ ಬಡಿದು ಸಿಡಿದ ರಭಸಕ್ಕೆ ವಿಮಾನಾನೂ ಒಡೆದು ಬಿತ್ತು, ಅದರಲ್ಲಿದ್ದವರೆಲ್ಲ ಸತ್ರು. ಬೋಟಿನ ಡೆಕ್ ಹರಿದು, ಪ್ರೆಶರ್ ಹಲ್ಲಿಗೂ ಪೆಟ್ಟಾಗಿ ನೀರು ನುಗ್ತಿತ್ತು. ಕಮಾಂಡರ್ ಬೋಟ್ ಬಿಟ್ಬಿಡಿ ಅಂತ ಆರ್ಡರ್ ಕೊಟ್ರೂ ಟೆಕ್ನಿಕಲ್ ಸಿಬ್ಬಂದಿ ಒಪ್ಲಿಲ್ಲ, ಉಳಿಸ್ಕೊಳ್ತೀವಿ ಅಂತ ಪಟ್ಟು ಹಿಡಿದ್ರು. ನಡು ಸಮುದ್ರದಲ್ಲಿ, ಯಾವ ಗಳಿಗೆಲಿ ಇನ್ನೊಂದು ವಿಮಾನ ಬರುತ್ತೋ ಗೊತ್ತಿಲ್ಲದೆ, ಸುಮಾರು ಎರಡು ವಾರ ತೇಪೆ ಹಾಕಿ ಬೋಟನ್ನ ಮತ್ತೆ ಮುಳುಗೋ ಹಾಗೆ ಮಾಡ್ಕೊಂಡು, ಡಿಸೆಂಬರಲ್ಲಿ ಫ್ರಾನ್ಸಿನ ಲೊರಿಯಾಂ ಬಂದರು ಮುಟ್ಟಿಸಿದ್ರು. ಅಷ್ಟು ಏಟು ತಿಂದು ಬಂದರಿಗೆ ವಾಪಸ್ ಬಂದ ಜರ್ಮನ್ ಬೋಟ್ ಇನ್ನೊಂದಿಲ್ಲ ಅಂತಾರೆ. ನೀರೊಳಗಿನ ಪ್ಲೇಟ್ ಒಡೆದಾಗ ಯಾರ್ಡ್ ಇಲ್ಲದೆ ರಿಪೇರಿ ಮಾಡೋದು ಅಂದ್ರೇನು ಅಂತ ಗೊತ್ತಿರೋರಿಗೆ ಇದು ಎಂಥ ಕೆಲಸ ಅಂತ ತಿಳಿಯುತ್ತೆ.

ಲೊರಿಯಾಂ ಯಾರ್ಡಲ್ಲಿ ಆರು ತಿಂಗಳು ರಿಪೇರಿ. ಆಮೇಲೆ ಶುರುವಾಯ್ತು ಇನ್ನೊಂದು ಕಥೆ. ಯಾರ್ಡಲ್ಲಿ ಕೆಲಸ ಮಾಡ್ತಿದ್ದೋರು ಫ್ರೆಂಚರು, ದೇಶ ಜರ್ಮನ್ನರ ಕೈಲಿತ್ತು. ಬೋಟ್ ಹೊರಡುತ್ತೆ, ಕೆಲವೇ ದಿನಕ್ಕೆ ಏನೋ ಸೋರುತ್ತೆ, ಏನೋ ಸದ್ದು ಮಾಡುತ್ತೆ, ವಾಪಸ್. ಮತ್ತೆ ಹೊರಡುತ್ತೆ, ಮತ್ತೆ ವಾಪಸ್. 1943ರ ಬೇಸಿಗೆ ಪೂರ್ತಿ ಹೀಗೇ ಹೋಯ್ತು. ಇಂಧನದ ಟ್ಯಾಂಕಲ್ಲಿ ಯಾರೋ ಸಣ್ಣ ತೂತು ಕೊರೆದಿದ್ರು. ಅದರ ಜಾಣತನ ನೋಡಿ, ಆ ತೂತಿಂದ ಬೋಟ್ ಮುಳುಗಲ್ಲ, ಆದ್ರೆ ಹೋದ ದಾರಿ ಉದ್ದಕ್ಕೂ ನೀರಿನ ಮೇಲೆ ಎಣ್ಣೆಯ ಬಣ್ಣದ ಗೆರೆ ಬಿಟ್ಕೊಂಡು ಹೋಗುತ್ತೆ, ವಿಮಾನದೋರಿಗೆ ಅಷ್ಟು ಸಾಕು. ಸಿಕ್ಕಿಬಿದ್ರೆ ಸಾವೇ ಗತಿ ಅಂತ ಗೊತ್ತಿದ್ದೂ ಡ್ರಿಲ್ ಹಿಡಿದ ಆ ಕೈ ಯಾರದ್ದೋ, ಅವರ ಬಗ್ಗೆ ನಂಗೆ ತುಂಬ ಗೌರವ ಇದೆ.

ಚೆಖ್ ಅವರಿಗೆ ಇದನ್ನೆಲ್ಲ ತಡ್ಕೊಳಕ್ಕೆ ಆಗ್ಲಿಲ್ಲ. 1943ರ ಅಕ್ಟೋಬರ್ 24, ಮೇಲಿಂದ ಡೆಪ್ತ್ ಚಾರ್ಜ್, ಅಂದ್ರೆ ನೀರೊಳಗೆ ಸಿಡಿಯೋ ಬಾಂಬು, ಬೀಳ್ತಿರುವಾಗ ಕಂಟ್ರೋಲ್ ರೂಮಲ್ಲೇ, ಸಿಬ್ಬಂದಿ ಕಣ್ಣೆದುರೇ, ತಮ್ಮ ಜೀವ ತಾವೇ ಕಳ್ಕೊಂಡ್ರು. ಜೊತೆಗಿದ್ದ ಆಫೀಸರ್ ಪಾಲ್ ಮೇಯರ್ ಬೋಟನ್ನ ಸಂಭಾಳಿಸಿ ಮನೆಗೆ ತಂದ್ರು.

ಕೊನೇ ಕಮಾಂಡರ್ ಹರಾಲ್ಡ್ ಲಾಂಗೆ. 1944ರ ಮಾರ್ಚಲ್ಲಿ ಬ್ರೆಸ್ಟ್‌ನಿಂದ ಆಫ್ರಿಕಾ ಕಡೆ ಹೊರಟ್ರು. ಆ ಹೊತ್ತಿಗೆ ಅಟ್ಲಾಂಟಿಕ್ ಮೊದಲಿನ ಥರ ಇರ್ಲಿಲ್ಲ, ಅಮೆರಿಕನ್ನರ ಚಿಕ್ಕ ವಿಮಾನವಾಹಕ ಹಡಗುಗಳು ಗುಂಪು ಕಟ್ಕೊಂಡು ಬೇಟೆಗೆ ಇಳಿದಿದ್ವು. ಅಂಥದ್ದೊಂದು ಗ್ವಾಡಲ್‌ಕೆನಾಲ್, ಕ್ಯಾಪ್ಟನ್ ಡೇನಿಯಲ್ ಗ್ಯಾಲರಿ. ಏಪ್ರಿಲಲ್ಲಿ ಇನ್ನೊಂದು ಯು-ಬೋಟ್, ಅಂದ್ರೆ ಜರ್ಮನ್ ಸಬ್‌ಮರೀನ್, ಮುಳುಗೋ ಮುಂಚೆ ಸ್ವಲ್ಪ ಹೊತ್ತು ಮೇಲೇ ಇದ್ದಿದ್ದನ್ನ ನೋಡಿ ಗ್ಯಾಲರಿಗೆ ಹೊಳೆದಿತ್ತು, ಮುಂದಿನದ್ದನ್ನ ಹಿಡೀಬಹುದು ಅಂತ, ತಮ್ಮ ಗುಂಪಿನ ಪ್ರತಿ ಹಡಗಲ್ಲೂ ಶತ್ರು ಬೋಟಿನ ಮೇಲೆ ಹತ್ತೋಕೆ ಒಂದು ತಂಡ ರೆಡಿ ಮಾಡಿ ಇಟ್ಟಿದ್ರು.

ಜೂನ್ 4, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಗ್ಯಾಲರಿ ಗುಂಪಿನ ಷಾಟೆಲೇನ್ ಅನ್ನೋ ಹಡಗಿನ ಸೋನಾರಿಗೆ (ಸದ್ದಿಂದ ನೀರೊಳಗಿನದ್ದನ್ನ ಪತ್ತೆ ಮಾಡೋ ಯಂತ್ರ) ಯು-505 ಸಿಕ್ತು. ಡೆಪ್ತ್ ಚಾರ್ಜ್ ಬಿದ್ದು ಚುಕ್ಕಾಣಿ ಜ್ಯಾಮ್ ಆಯ್ತು, ಬೋಟ್ ಮೇಲೆ ಬಂತು, ಲಾಂಗೆ ಗಾಯಗೊಂಡ್ರು, ಸಿಬ್ಬಂದಿ ನೀರಿಗೆ ಹಾರಿದ್ರು. ಒಬ್ಬರು ಸತ್ರು, 58 ಜನ ಸೆರೆಯಾದ್ರು. ಹೋಗೋ ಮುಂಚೆ ಬೋಟ್ ಮುಳುಗ್ಲಿ ಅಂತ ಒಳಗೆ ಒಂದು ಸೀ ಸ್ಟ್ರೇನರ್ ಮುಚ್ಚಳ ತೆಗೆದು ಬಿಟ್ಟಿದ್ರು. ಮೋಟರ್ ಮಾತ್ರ ಓಡ್ತಾನೇ ಇತ್ತು, ಖಾಲಿ ಬೋಟು ಒಂದೇ ಕಡೆ ಸುತ್ತು ಹಾಕ್ತಿತ್ತು.

ಇಲ್ಲಿ ಒಂದು ಕೈಲೆಕ್ಕ ಮಾಡೋಣ. ಎಂಟು ಇಂಚಿನ ತೂತು, ನೀರಿನ ಮಟ್ಟಕ್ಕಿಂತ ಎರಡು ಮೀಟರ್ ಕೆಳಗೆ ಅಂತ ಇಟ್ಕೊಳ್ಳಿ. ನೀರು ಸೆಕೆಂಡಿಗೆ ಆರು ಮೀಟರ್ ವೇಗದಲ್ಲಿ ನುಗ್ಗುತ್ತೆ, ನಷ್ಟ ಕಳೆದ್ರೂ ನಿಮಿಷಕ್ಕೆ ಸುಮಾರು ಏಳು ಟನ್. ಈಗ ಬೋಟಿನ ತೂಕ ನೋಡಿ: ಮೇಲೆ ತೇಲುವಾಗ 1,120 ಟನ್, ಮುಳುಗಿದಾಗ 1,232. ವ್ಯತ್ಯಾಸ 112 ಟನ್, ಇದನ್ನೇ ನಾವು ರಿಸರ್ವ್ ಬಾಯನ್ಸಿ ಅನ್ನೋದು, ತೇಲೋ ಶಕ್ತಿಯ ಉಳಿತಾಯ ಖಾತೆ. ಅಂದ್ರೆ ಬ್ಯಾಲಸ್ಟ್ ಟ್ಯಾಂಕೆಲ್ಲ ಖಾಲಿ ಇದ್ರೂ ಹದಿನಾರು ನಿಮಿಷ. ಕಾರ್ಗೋ ಹಡಗಿಗೆ ಈ ಖಾತೆಯಲ್ಲಿ ಸಾವಿರಾರು ಟನ್ ಇರುತ್ತೆ, ಸಬ್‌ಮರೀನಿಗೆ ಬೇಗ ಮುಳುಗ್ಬೇಕಲ್ಲ, ಬೇಕು ಅಂತಲೇ ಕಡಿಮೆ ಇಟ್ಟಿರ್ತಾರೆ. ಅಲ್ಲದೆ ಹಿಂಭಾಗ ಆಗಲೇ ಕೆಳಗೆ ಕೂತಿತ್ತು, ಆ ಹದಿನಾರೂ ಪೂರ್ತಿ ಇರ್ಲಿಲ್ಲ.

ಗ್ಯಾಲರಿ ಗುಂಪಿನದ್ದೇ ಆದ ಪಿಲ್ಸ್‌ಬರಿ ಹಡಗಿಂದ ಲೆಫ್ಟಿನೆಂಟ್ ಆಲ್ಬರ್ಟ್ ಡೇವಿಡ್ ಸಣ್ಣ ತಂಡ ಕಟ್ಕೊಂಡು ಆ ಸುತ್ತೋ ಬೋಟಿಗೆ ಹಾರಿದ್ರು. ಒಳಗೆ ಯಾರಿದಾರೆ, ಎಲ್ಲಿ ಬಾಂಬ್ ಇಟ್ಟಿದಾರೆ, ಒಂದೂ ಗೊತ್ತಿಲ್ಲ. ಜೀನನ್ ಲುಕೋಸಿಯಸ್ ಅನ್ನೋ ಮೆಷಿನಿಸ್ಟ್ ನೀರಿನ ಸದ್ದು ಹಿಡ್ಕೊಂಡು ಹೋಗಿ ತೂತು ನೋಡಿದ್ರು, ಮುಚ್ಚಳ ಪಕ್ಕದಲ್ಲೇ ಸಿಕ್ತು, ಎತ್ತಿ ಕೂರಿಸಿ ಬಿಗಿ ಮಾಡಿದ್ರು. ತೆಗೆದವರು ಅದನ್ನ ಎಲ್ಲಾದ್ರೂ ದೂರ ಎಸೆದಿದ್ರೆ ಕಥೆ ಅಲ್ಲಿಗೇ ಮುಗೀತಿತ್ತು. ನುಗ್ಗೋ ನೀರಿನ ಎದುರು ಮುಚ್ಚಳ ಒತ್ತಿ ಹಿಡಿಯೋದು ಎಷ್ಟು ಕಷ್ಟ ಅಂತ ನನ್ನ ಎದೆಗೆ ಗೊತ್ತು, ಅದೂ ನಾನಿದ್ದಿದ್ದು ಬಂದರಲ್ಲಿ, ಕಟ್ಟಿ ಹಾಕಿದ ಹಡಗಲ್ಲಿ, ಲೈಟ್ ಬೆಳಕಲ್ಲಿ.

ಆದ್ರೆ ನನ್ನ ಮಟ್ಟಿಗೆ ಈ ಕಥೆಯ ದೊಡ್ಡ ಮನುಷ್ಯ ಅರ್ಲ್ ಟ್ರೊಸಿನೊ, ಗ್ವಾಡಲ್‌ಕೆನಾಲ್‌ನ ಚೀಫ್ ಇಂಜಿನಿಯರ್. ಯುದ್ಧಕ್ಕೆ ಮುಂಚೆ ತೈಲ ಟ್ಯಾಂಕರ್‌ಗಳಲ್ಲಿ ಕೆಲಸ ಮಾಡ್ದೋರು, ಸಬ್‌ಮರೀನ್ ಒಳಗೆ ಅದುವರೆಗೂ ಕಾಲಿಟ್ಟೋರಲ್ಲ, ವಾಲ್ವ್ ಮೇಲಿನ ಬರಹ ಎಲ್ಲ ಜರ್ಮನ್. ಅವರು ನೆಲದ ಪ್ಲೇಟ್ ಕೆಳಗೆ, ಎಣ್ಣೆ ನೀರಲ್ಲಿ ತೆವಳ್ಕೊಂಡು ಒಂದೊಂದೇ ಪೈಪನ್ನ ಕೈಯಲ್ಲಿ ಹಿಡಿದು ಎಲ್ಲಿಗೆ ಹೋಗುತ್ತೆ ಅಂತ ಟ್ರೇಸ್ ಮಾಡಿದ್ರು. ನಮಗೆ ಮೊದಲ ಹಡಗಲ್ಲಿ ಕಲಿಸೋದೂ ಇದನ್ನೇ, ಡ್ರಾಯಿಂಗ್ ನಂಬ್ಬೇಡ, ಪೈಪ್ ಹಿಂದೆ ಹೋಗು.

ಆಮೇಲೆ ಅವರು ಮಾಡಿದ್ದು ನೋಡಿ. ಬೋಟಲ್ಲಿ ನೀರಿದೆ, ಪಂಪ್ ಮಾಡೋಕೆ ಕರೆಂಟ್ ಬೇಕು, ಬ್ಯಾಟರಿ ಇಳಿದುಹೋಗಿದೆ, ಗೊತ್ತಿಲ್ಲದ ಡೀಸೆಲ್ ಸ್ಟಾರ್ಟ್ ಮಾಡೋದು ಅಪಾಯ. ಟ್ರೊಸಿನೊ ಡೀಸೆಲ್ ಕ್ಲಚ್ ಬಿಡಿಸಿ, ಸ್ವಿಚ್‌ಗಳನ್ನ ಚಾರ್ಜಿಂಗ್ ಕಡೆ ಹಾಕಿ, ಗ್ವಾಡಲ್‌ಕೆನಾಲ್‌ಗೆ ಜೋರಾಗಿ ಎಳೀರಿ ಅಂದ್ರು. ಎಳೆದ ವೇಗಕ್ಕೆ ನೀರು ಪ್ರೊಪೆಲ್ಲರ್ ತಿರುಗಿಸ್ತು, ಪ್ರೊಪೆಲ್ಲರ್ ಮೋಟರ್ ತಿರುಗಿಸ್ತು, ಮೋಟರ್ ಜನರೇಟರ್ ಆಗಿ ಬ್ಯಾಟರಿ ತುಂಬಿಸ್ತು, ಬೋಟು ತನ್ನದೇ ಪಂಪಲ್ಲಿ ತನ್ನ ನೀರು ಹೊರಗೆ ಹಾಕ್ತು. ಆ ಡಿಸೈನ್ ಮಾಡಿದ ಜರ್ಮನ್ ಇಂಜಿನಿಯರ್‌ಗಳೂ ಇದನ್ನ ಹೀಗೆ ಉಪಯೋಗಿಸ್ತಾರೆ ಅಂತ ಅಂದ್ಕೊಂಡಿರ್ಲಿಕ್ಕಿಲ್ಲ.

ಜೂನ್ 19ಕ್ಕೆ ಬೋಟ್ ಬರ್ಮುಡಾ ಮುಟ್ತು. ಕೋಡ್ ಪುಸ್ತಕಗಳು, ಎನಿಗ್ಮಾ, ಸದ್ದು ಹಿಡಿದು ಬೆನ್ನಟ್ಟೋ ಹೊಸ ಟಾರ್ಪಿಡೋ ಎಲ್ಲ ಸಿಕ್ಕಿದ್ವು. ಬೋಟ್ ಹಿಡಿದಾಗ ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಮಿತ್ರಪಡೆಗಳು ಇಳಿಯೋ ದಾಳಿಗೆ ಎರಡೇ ದಿನ ಇತ್ತು, ಸುದ್ದಿ ಹೊರಬಿದ್ರೆ ಜರ್ಮನ್ನರು ಕೋಡ್ ಬದಲಾಯಿಸ್ತಾರೆ ಅಂತ ಅಮೆರಿಕನ್ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಕಿಂಗ್ ಗ್ಯಾಲರಿ ಮೇಲೆ ಉರಿದುಬಿದ್ರು. ಕೈದಿಗಳನ್ನ ಲೂಸಿಯಾನಾದ ಒಂದು ಕ್ಯಾಂಪಲ್ಲಿ ಯಾರಿಗೂ ತಿಳಿಯದ ಹಾಗೆ ಇಟ್ರು, ಊರಲ್ಲಿ ಮನೆಯವರು ಸತ್ತೇಹೋದ್ರು ಅಂದ್ಕೊಂಡಿದ್ರು. ಡೇವಿಡ್ ಅವರಿಗೆ ಅಮೆರಿಕದ ಅತಿ ದೊಡ್ಡ ಸೇನಾ ಪದಕ ಮೆಡಲ್ ಆಫ್ ಆನರ್ ಬಂತು, ಆದ್ರೆ ಕೈಗೆ ಸಿಗೋ ಮುಂಚೆ 1945ರಲ್ಲಿ ತೀರ್ಕೊಂಡ್ರು.

ಯುದ್ಧ ಮುಗಿದ ಮೇಲೆ ನೌಕಾಪಡೆ ಇದನ್ನ ಗುರಿ ಅಭ್ಯಾಸಕ್ಕೆ ಮುಳುಗಿಸೋ ಯೋಚನೆಲಿತ್ತು. ಗ್ಯಾಲರಿ ಶಿಕಾಗೋದವರೇ, ಓಡಾಡಿ ತಪ್ಪಿಸಿದ್ರು, 1954ರಲ್ಲಿ ಬೋಟ್ ಮ್ಯೂಸಿಯಂಗೆ ಬಂತು. ಒಳಗಿನ ಎಷ್ಟೋ ಸಾಮಾನು ಅಷ್ಟರಲ್ಲಿ ಕಳಚಿಹೋಗಿತ್ತು. ಮ್ಯೂಸಿಯಂನವರು ಮೂಲ ಜರ್ಮನ್ ಕಂಪನಿಗಳಿಗೇ ಪತ್ರ ಬರೆದ್ರು, ಅವರು ಪಾರ್ಟ್‌ಗಳನ್ನ ದುಡ್ಡಿಲ್ದೆ ಕಳಿಸಿಕೊಟ್ರು. ಐವತ್ತು ವರ್ಷ ಹೊರಗೆ ಬಿಸಿಲು ಮಳೆ ಹಿಮದಲ್ಲಿ ನಿಂತು ತುಕ್ಕು ಹಿಡಿದ ಮೇಲೆ 2004ರಲ್ಲಿ ನೆಲದಡಿ ಕಟ್ಟಿದ ಹಾಲಿಗೆ ಇಳಿಸಿದ್ರು.

ನಾನು ಹೋಗಿದ್ದು ರಜೆಯಲ್ಲಿ, ತಂಗಿ ಮನೆಗೆ ಹೋದಾಗ. ಎರಡು ಡೀಸೆಲ್ ಮಧ್ಯೆ ಒಬ್ಬರು ನಡೆಯೋಷ್ಟೇ ಜಾಗ, ಹಿಂದಿನವರು ಮುಂದೆ ಹೋಗಿ ಅಂತಿದ್ರು, ನಾನು ಸ್ವಲ್ಪ ಹೊತ್ತು ನಿಂತು ನೆಲದ ಪ್ಲೇಟ್ ನೋಡ್ತಿದ್ದೆ. ಅದರ ಕೆಳಗೆ ಟ್ರೊಸಿನೊ ಅವರು ತೆವಳಿದ ಜಾಗ ಇದೆ, ನನ್ನ ಭುಜವೂ ಅಲ್ಲಿ ಹಿಡಿಯಲ್ಲ ಅನ್ನಿಸ್ತು.